ಥೀಲನ್ ನದಿಯ ಉಳಿದ ದಾರಿ

ಕೆಂಟನ್
6 ಅಕ್ಟೋಬರ್ 2024

ಸಿರಿಶಾಗೆ,

ಹದಿನಾಲ್ಕು ತಿಂಗಳ ಮೇಲೆ ನನ್ನ ಕೈಬರಹ ನೋಡಿ ನೀನು ಗಾಬರಿಯಾಗಬಹುದು. ಗಾಬರಿಯಾಗುವಂಥದ್ದು ಏನೂ ಇಲ್ಲ. ನಿನ್ನ ಮಾವನವರು ಚೆನ್ನಾಗಿದ್ದಾರೆ. ಮಂಡಿನೋವು ಇದ್ದಂತೆಯೇ ಇದೆ.

ಕಳೆದ ಮಂಗಳವಾರ ಕೆನಡಾದಿಂದ ಒಂದು ಪಾರ್ಸೆಲ್ ಬಂತು. ಬೇಕರ್ ಲೇಕ್ ಎಂಬ ಊರಿನ ಪೊಲೀಸರು ಕಳಿಸಿದ್ದು. ಈ ಬೇಸಿಗೆಯಲ್ಲಿ ಮೀನು ಹಿಡಿಯಲು ಹೋದ ಯಾರಿಗೋ ಥೀಲನ್ ನದಿಯ ದಂಡೆಯ ಕಲ್ಲುಗಳ ನಡುವೆ, ನೀರು ಒಳಗಿಳಿಯದಂಥ ಒಂದು ಕಿತ್ತಳೆ ಬಣ್ಣದ ಚೀಲ ಸಿಕ್ಕಿತಂತೆ. ಒಳಗೆ ಸಂದೀಪನ ಹೆಸರು, ನಮ್ಮ ಮನೆಯ ವಿಳಾಸ. ಒಂದು ಜೊತೆ ಉಣ್ಣೆಯ ಕಾಲುಚೀಲ, ಅರ್ಧ ಖಾಲಿಯಾದ ಚಟ್ನಿಪುಡಿ ಡಬ್ಬಿ, ಮಡಿಸಿದ ಒಂದು ನಕ್ಷೆ. ಚಟ್ನಿಪುಡಿ ನಾನು ಮಾಡಿಕೊಟ್ಟದ್ದು. ಕಾಲುಚೀಲ ಒಗೆದು ಇಟ್ಟಿದ್ದೇನೆ. ನಕ್ಷೆಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಅದರ ತುಂಬ ಅವನ ಪೆನ್ಸಿಲ್ ಗುರುತುಗಳಿವೆ. ಉದ್ದಕ್ಕೆ ಒಂದು ಗೆರೆ, ಗೆರೆಯ ಮೇಲೆ ಅಲ್ಲಲ್ಲಿ ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ತಾರೀಕು. ಮಗ ಭೂಗೋಳದ ಮೇಷ್ಟ್ರಾಗಿದ್ದರೂ ನನಗೆ ನಕ್ಷೆ ಓದಲು ಬರುವುದಿಲ್ಲ. ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅರಿವಳಿಕೆ ಕೊಟ್ಟುಕೊಂಡಿದ್ದವಳಿಗೆ ಗುಡ್ಡ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಅವನು ಬದುಕಿದ್ದಾಗ ಎಷ್ಟೋ ಸಲ ಹೇಳಿಕೊಡಲು ಬಂದಿದ್ದ. ಆಮೇಲೆ ನೋಡೋಣ ಎನ್ನುತ್ತಿದ್ದೆ.

ನದಿಯ ಮೇಲೆ ಅವನ ಜೊತೆಗಿದ್ದವಳು ನೀನೊಬ್ಬಳೇ. ಅದು ಎಲ್ಲಿ ಹುಟ್ಟುತ್ತದೆ, ಹೇಗೆ ಹೋಗುತ್ತದೆ, ಈ ಚುಕ್ಕೆಗಳೆಲ್ಲ ಏನು ಎಂದು ಮೊದಲಿನಿಂದ ಬರೆಯುತ್ತೀಯಾ? ಲೈಬ್ರರಿಯಲ್ಲಿ ಒಂದು ಪ್ರತಿ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಫೋನ್ ಇಟ್ಟುಬಿಡುತ್ತೇನೆ.

ಅವನ ದಹನದ ದಿನ ನಿನಗೆ ಆಡಿದ ಮಾತು ನನಗೆ ನೆನಪಿದೆ. ಅದರ ಬಗ್ಗೆ ಈಗ ಬರೆಯುವುದಿಲ್ಲ.

ವತ್ಸಲಾ


ಅಕ್ಸ್‌ಬ್ರಿಡ್ಜ್
13 ಅಕ್ಟೋಬರ್ 2024

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮೂರು ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ಲ್ಯಾಬಿಗೆ ಹೋಗಿಬಂದೆ. ನಿನ್ನೆ ಓದಿದೆ. ನಾನು ಕನ್ನಡದಲ್ಲಿ ಪತ್ರ ಬರೆದು ವರ್ಷಗಳಾದವು, ತಪ್ಪಿದ್ದರೆ ಕ್ಷಮಿಸಿ.

ಮೊದಲಿನಿಂದ ಹೇಳುತ್ತೇನೆ. ನಕ್ಷೆಯ ಎಡತುದಿಯಲ್ಲಿ ನೀಲಿ ಕಲೆಗಳ ಗುಂಪಿದೆಯಲ್ಲ, ಅದು ವೈಟ್‌ಫಿಶ್ ಸರೋವರ. ಅಲ್ಲೇ ಥೀಲನ್ ಹುಟ್ಟುವುದು. ಇಲ್ಲೇ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ತಲಕಾವೇರಿಯಂತೆ ಅಲ್ಲಿ ಕುಂಡಿಕೆಯಿಲ್ಲ, ಗುಡಿಯಿಲ್ಲ. ಸರೋವರದ ನೀರು ಕಲ್ಲುಗಳ ನಡುವೆ ಒಂದು ಸಂದು ಹುಡುಕಿಕೊಂಡು ಹೊರಗೆ ಬರುತ್ತದೆ, ಅಷ್ಟೆ. ಅಲ್ಲಿಂದ ಪೂರ್ವಕ್ಕೆ ಸುಮಾರು ಒಂಬೈನೂರು ಕಿಲೋಮೀಟರ್. ದಾರಿಯುದ್ದಕ್ಕೂ ಒಂದು ಊರಿಲ್ಲ, ರಸ್ತೆಯಿಲ್ಲ, ಸೇತುವೆಯಿಲ್ಲ. ಕೊನೆಯಲ್ಲಿ ಬೇಕರ್ ಲೇಕ್ ಒಂದೇ ಊರು.

ಯೆಲ್ಲೋನೈಫ್‌ನಿಂದ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೋದೆವು. 2023ರ ಜುಲೈ ಒಂದು. ಪೈಲಟ್ ನಮ್ಮ ದೋಣಿ, ಸಾಮಾನು ಎಲ್ಲವನ್ನೂ ದಂಡೆಗೆ ಹಾಕಿ ಹೊರಟುಹೋದ. ವಿಮಾನದ ಸದ್ದು ಪೂರ್ತಿ ಅಡಗಿದ ಮೇಲೆ ಸಂದೀಪ್ ಹೇಳಿದ, "ಈಗ ಯಾರೂ ಇಲ್ಲ ನೋಡು. ಲಿಟರಲಿ ಯಾರೂ ಇಲ್ಲ." ಅವನಿಗೆ ಅದು ಬಹಳ ಸಂತೋಷದ ವಿಷಯವಾಗಿತ್ತು.

ಮೊದಲ ವಾರ ನದಿ ಚಿಕ್ಕದು. ಎರಡು ಕಡೆಯೂ ಮರವಿಲ್ಲದ ಬಯಲು, ಪಾಚಿ, ಕಲ್ಲು. ಸಾವಿರಾರು ವರ್ಷದ ಹಿಂದೆ ಹಿಮರಾಶಿ ಕರಗುವಾಗ ಬಿಟ್ಟುಹೋದ ಮರಳಿನ ದಿಬ್ಬಗಳು ರೈಲಿನ ಏರಿಯ ಹಾಗೆ ಮೈಲಿಗಟ್ಟಲೆ ಸಾಗುತ್ತವೆ. ಮುಂದೆ ದಕ್ಷಿಣದಿಂದ ಎಲ್ಕ್ ಎಂಬ ನದಿ ಬಂದು ಸೇರುತ್ತದೆ. ನಾಲ್ಕನೆಯ ಚುಕ್ಕೆ ಅಲ್ಲಿಯದು. ಅಲ್ಲಿಂದ ಒಂದು ವಿಚಿತ್ರ ಶುರುವಾಗುತ್ತದೆ. ಅಷ್ಟು ಉತ್ತರದಲ್ಲಿ ಮರ ಬೆಳೆಯಬಾರದು, ಆದರೂ ನದಿಯ ಎರಡೂ ದಡದಲ್ಲಿ ಮಾತ್ರ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳು. ದಡ ಹತ್ತಿ ನೂರು ಹೆಜ್ಜೆ ನಡೆದರೆ ಮತ್ತೆ ಬೋಳು ಬಯಲು. ನದಿ ತನ್ನ ಜೊತೆ ಒಂದು ತೆಳ್ಳನೆಯ ಕಾಡನ್ನು ಕರೆದುಕೊಂಡು ಹೋಗುತ್ತದೆ.

ಚುಕ್ಕೆಗಳು ನಾವು ಡೇರೆ ಹಾಕಿದ ಜಾಗಗಳು. ಪ್ರತಿದಿನ ಊಟವಾದ ಮೇಲೆ ಅವನು ನಕ್ಷೆ ಬಿಚ್ಚಿ ಒಂದು ಚುಕ್ಕೆ ಇಡುತ್ತಿದ್ದ. ಗೆರೆ ಮಾತ್ರ ಹೊರಡುವ ಮೊದಲೇ, ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕೂತು ಎಳೆದದ್ದು.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಸಿರಿಶಾ


ಕೆಂಟನ್
27 ಅಕ್ಟೋಬರ್ 2024

ಸಿರಿಶಾಗೆ,

ನಿನ್ನ ಪತ್ರವನ್ನು ಮಾವನವರು ಗಟ್ಟಿಯಾಗಿ ಓದಿದರು. ನಾನು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಬೆರಳಿಡುತ್ತಾ ಹೋದೆ. ಎಲ್ಕ್ ನದಿ ಸಿಕ್ಕಿತು. ಸಿಕ್ಕಾಗ ನಿನ್ನ ಮಾವ ಕೇಳಿದರು, "ಅಲ್ಲಿ ಏನ್ ಉಂಡ್ರಂತ? ಅದನ್ನ ಬರದಿಲ್ಲಲ್ಲ ಹುಡುಗಿ." ಹತ್ತಾರು ವರ್ಷ ಲಂಡನ್ನಿನಲ್ಲಿದ್ದರೂ ಧಾರವಾಡದವರಿಗೆ ಮೊದಲು ಊಟದ್ದೇ ಚಿಂತೆ.

ನಾನು ಗಮನಿಸಿದ್ದು ಬೇರೆ. ನಿನ್ನ ಪತ್ರದಲ್ಲಿ ಅವನಿದ್ದಾನೆ, ನೀರಿದೆ, ಮರವಿದೆ. ನೀನೆಲ್ಲೂ ಇಲ್ಲ. ದೋಣಿಯಲ್ಲಿ ಇಬ್ಬರಿದ್ದಿರಲ್ಲವೇ?

ಗುರುವಾರ ದೀಪಾವಳಿ. ಈ ಸಲವೂ ನಮ್ಮ ಮನೆಯಲ್ಲಿ ಏನೂ ಮಾಡುತ್ತಿಲ್ಲ. ಪಕ್ಕದ ಮನೆಯ ಗುಜರಾತಿ ದಂಪತಿ ಸಿಹಿ ಕೊಟ್ಟು ಹೋದರು. ಹೇಗೆ ಬೇಡವೆನ್ನುವುದು, ತೆಗೆದುಕೊಂಡೆ.

ಮುಂದೆ ಬರಿ.

ವತ್ಸಲಾ


ಅಕ್ಸ್‌ಬ್ರಿಡ್ಜ್
17 ನವೆಂಬರ್ 2024

ಅತ್ತೆಯವರಿಗೆ,

ಮಾವನವರ ಪ್ರಶ್ನೆಗೆ ಮೊದಲು ಉತ್ತರ: ಎಲ್ಕ್ ನದಿಯ ಹತ್ತಿರ ಅವಲಕ್ಕಿ ತಿಂದೆವು. ಬೆಳಿಗ್ಗೆ ಓಟ್ಸ್, ಸಂಜೆ ಅನ್ನ-ಬೇಳೆ ಅಥವಾ ಅವಲಕ್ಕಿ. ಎರಡು ಸಲ ಮೀನು ಸಿಕ್ಕಿತು. ಸಂದೀಪ್ ಹಿಡಿದ, ತಿನ್ನಲಿಲ್ಲ. ನಾನೂ ತಿನ್ನಲಿಲ್ಲ. ವಾಪಸು ನೀರಿಗೆ ಬಿಟ್ಟೆವು.

ನನ್ನ ಬಗ್ಗೆ ಕೇಳಿದಿರಿ. ನಾನು ದೋಣಿಯ ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ, ಅವನು ಹಿಂದೆ. ಹಾಗಾಗಿ ನದಿಯ ಮೇಲಿದ್ದಷ್ಟು ಹೊತ್ತು ನನಗೆ ಅವನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿಸುತ್ತಿತ್ತು. ಈಗಲೂ ನನಗೆ ಮುಖಕ್ಕಿಂತ ದನಿಯೇ ಹೆಚ್ಚು ನೆನಪು. "ಬಲಕ್ಕೆ. ಸಾಕು. ಈಗ ಸುಮ್ನಿರು, ಅದೇ ಹೋಗತ್ತೆ."

ಹನ್ನೊಂದು, ಹನ್ನೆರಡನೆಯ ತಾರೀಕಿನ ಚುಕ್ಕೆಗಳು ಒಂದಕ್ಕೊಂದು ತಾಗಿಕೊಂಡಿವೆ ನೋಡಿ. ಅದು ಕಣಿವೆ. ಅಲ್ಲಿ ಬಂಡೆಗಳ ನಡುವೆ ನೀರು ಇಕ್ಕಟ್ಟಿನಲ್ಲಿ ಧುಮುಕುತ್ತದೆ. ನೀವು ಬಹುಶಃ ಅಲ್ಲೇ ಆಯಿತು ಎಂದುಕೊಂಡಿರಬಹುದು. ಅಲ್ಲ. ಅಲ್ಲಿ ನಾವು ದೋಣಿಯನ್ನು ನೀರಿಗೆ ಇಳಿಸಲೇ ಇಲ್ಲ. ಸಾಮಾನೆಲ್ಲ ಹೊತ್ತುಕೊಂಡು ಐದು ಕಿಲೋಮೀಟರ್ ನಡೆದೆವು. ಹೊತ್ತು ಹೋಗಿ, ಖಾಲಿ ಕೈಯಲ್ಲಿ ವಾಪಸು ಬಂದು, ಮತ್ತೆ ಹೊತ್ತು, ಹೀಗೆ ಮೂರು ಸಲ. ಎರಡು ದಿನ ಹಿಡಿಯಿತು. ಸೊಳ್ಳೆಗಳು ಎಷ್ಟಿದ್ದವೆಂದರೆ ಮಾತಾಡಲು ಬಾಯಿ ತೆರೆದರೆ ಒಳಗೆ ಹೋಗುತ್ತಿದ್ದವು. ಒಂದು ಕಡೆ ನೀರು ಸ್ವಲ್ಪ ಸಮಾಧಾನವಾಗಿ ಕಂಡಿತು. ಇಲ್ಲಿಂದ ಇಳಿಸಬಹುದಲ್ಲ ಎಂದೆ. ಅವನು ದಂಡೆಯಲ್ಲಿ ಅರ್ಧ ಗಂಟೆ ನಿಂತು ನೋಡಿ, ಬೇಡ ಎಂದು ಮತ್ತೆ ಚೀಲ ಎತ್ತಿದ. ಅವನಲ್ಲಿ ಸಾಹಸಕ್ಕಿಂತ ಎಚ್ಚರ ಜಾಸ್ತಿ ಇತ್ತು ಅತ್ತೆ. ಎಲ್ಲರೂ ಅವನನ್ನು ಸಾಹಸಿ ಎಂದರು, ಶಾಲೆಯವರೂ ಹಾಗೇ ಹೇಳಿದರು. ಅದು ಸರಿಯಲ್ಲ.

ಕಣಿವೆ ದಾಟಿದ ಮೇಲೆ ಎಡಗಡೆಯಿಂದ ಹ್ಯಾನ್ಬರಿ ನದಿ ಸೇರುತ್ತದೆ. ಅಲ್ಲಿಂದ ಥೀಲನ್ ಅಗಲವಾಗಿ, ನಿಧಾನವಾಗಿ, ಮರಳ ದಂಡೆಗಳ ನಡುವೆ ಹರಿಯುತ್ತದೆ. ಆ ಹತ್ತು ದಿನ ನಮ್ಮ ಒಳ್ಳೆಯ ದಿನಗಳು. ಮಸ್ಕಾಕ್ಸ್ ಎಂಬ ಪ್ರಾಣಿಗಳನ್ನು ನೋಡಿದೆವು, ಕಂಬಳಿ ಹೊದ್ದ ಎಮ್ಮೆಯಂತಿರುತ್ತವೆ. ಜುಲೈನಲ್ಲಿ ಅಲ್ಲಿನ ಕಾಡುಬಾತುಗಳ ಗರಿ ಉದುರಿ ಹಾರಲು ಬರುವುದಿಲ್ಲ. ದೋಣಿ ಕಂಡರೆ ನೂರಾರು ಬಾತುಗಳು ಗುಡ್ಡ ಹತ್ತಿ ಓಡುತ್ತವೆ. ಸಂದೀಪ್ ಅವುಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ, "ಓಡ್ಬೇಡ್ರೋ, ನಾವೇನೂ ಮಾಡಲ್ಲ." ಕೆಂಟನ್ನಿನಲ್ಲಿ ನಿಮಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವನು ಬಾತುಗಳಿಗೆ ಕನ್ನಡ ಆಡುವುದು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಇಪ್ಪತ್ತೊಂದನೆಯ ತಾರೀಕು ಬೆವರ್ಲಿ ಸರೋವರ ಸೇರಿದೆವು. ದಕ್ಷಿಣದಿಂದ ಡುಬಾಂಟ್ ಎಂಬ ದೊಡ್ಡ ನದಿ ಬಂದು ಸೇರುವುದೂ ಅಲ್ಲೇ. ಅಲ್ಲಿಂದ ಮುಂದೆ ನದಿ ನದಿಯಂತೆ ಕಾಣುವುದಿಲ್ಲ. ಬೆವರ್ಲಿ, ಅಬರ್ಡೀನ್, ಶುಲ್ಟ್ಸ್ ಎಂಬ ಮೂರು ಸರೋವರಗಳೊಳಗೆ ಹಾದುಹೋಗುತ್ತದೆ. ಸಮುದ್ರದಂಥ ನೀರು. ಗಾಳಿಯೆದ್ದರೆ ದೋಣಿ ಇಳಿಸಲಾಗದು. ಬೆವರ್ಲಿಯ ದಂಡೆಯಲ್ಲಿ ಮೂರು ದಿನ ಕೂತೆವು.

ಇವತ್ತಿಗೆ ಇಷ್ಟು ಸಾಕು ಅತ್ತೆ.

ಸಿರಿಶಾ


ಕೆಂಟನ್
8 ಡಿಸೆಂಬರ್ 2024

ಸಿರಿಶಾ,

ಈಗ ನನಗೆ ನಕ್ಷೆ ಓದಲು ಬರುತ್ತಿದೆ. ನೀನು ಚೆನ್ನಾಗಿ ಹೇಳಿಕೊಡುತ್ತೀಯ.

ಕೊನೆಯ ಚುಕ್ಕೆ ಇಪ್ಪತ್ತೈದನೆಯ ತಾರೀಕಿನದು, ಅಬರ್ಡೀನ್ ಸರೋವರದ ದಂಡೆಯಲ್ಲಿದೆ. ಅಲ್ಲಿಂದ ಪೆನ್ಸಿಲ್ ಗೆರೆ ದಂಡೆಯನ್ನೇ ಹಿಡಿದು ಒಂದು ದೊಡ್ಡ ಕೊಲ್ಲಿಯನ್ನು ಪೂರ್ತಿ ಬಳಸಿಕೊಂಡು ಹೋಗುತ್ತದೆ. ಬೇರೆ ಎರಡು ಕಡೆಯೂ ಹಾಗೇ, ಎಲ್ಲೂ ದಂಡೆ ಬಿಟ್ಟಿಲ್ಲ. ಪೊಲೀಸರ ವರದಿ ನನ್ನ ಹತ್ತಿರವಿದೆ. ದೋಣಿ ಮಗುಚಿದ್ದು ಕೊಲ್ಲಿಯ ನಡುವೆ, ದಂಡೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಎಂದಿದೆ.

ಅಷ್ಟು ಎಚ್ಚರದವನು ತಾನೇ ಎಳೆದ ಗೆರೆ ಬಿಟ್ಟು ಯಾಕೆ ಹೋದ?

ಉತ್ತರ ಬರೆಯಲು ಎಷ್ಟು ದಿನ ಬೇಕಾದರೂ ತೆಗೆದುಕೋ. ಆದರೆ ನಿಜ ಬರಿ.

ವತ್ಸಲಾ


ಅಕ್ಸ್‌ಬ್ರಿಡ್ಜ್
19 ಜನವರಿ 2025

ಅತ್ತೆಯವರಿಗೆ,

ಈ ಪತ್ರ ಐದು ಸಲ ಬರೆದು ಹರಿದೆ.

ಗೆರೆ ಬಿಟ್ಟು ಹೋಗೋಣ ಎಂದವಳು ನಾನು.

ಜುಲೈ ಇಪ್ಪತ್ತಾರು, ಬುಧವಾರ. ಬೆಳಿಗ್ಗೆ ನೀರು ಕನ್ನಡಿಯಂತಿತ್ತು. ನನಗೆ ಸಾಕಾಗಿಹೋಗಿತ್ತು. ಬೆರಳುಗಳ ತುದಿ ಸೀಳಿ ರಕ್ತ ಬರುತ್ತಿತ್ತು, ಕಣ್ಣುರೆಪ್ಪೆ ಸೊಳ್ಳೆ ಕಚ್ಚಿ ಊದಿತ್ತು, ಇಪ್ಪತ್ತೈದು ದಿನದಿಂದ ಬಿಸಿನೀರು ಕಂಡಿರಲಿಲ್ಲ. ಆಗಲೇ ಮೂರು ದಿನ ತಡವಾಗಿತ್ತು. ಕೊಲ್ಲಿ ಬಳಸಿ ಹೋದರೆ ಪೂರ್ತಿ ಒಂದು ದಿನ, ನೇರ ಹೋದರೆ ಒಂದು ಗಂಟೆ. ನೇರ ಹೋಗೋಣ ಎಂದೆ. ಅವನು, "ದಂಡೆ ಬಿಡಬಾರದು, ಅದೊಂದೇ ರೂಲ್" ಎಂದ. ನಾನು ಬಿಡಲಿಲ್ಲ. ಕಾಫಿ ಕುಡಿಯುತ್ತಾ ಜಗಳವಾಡಿದೆವು. "ನೀನು ಯಾವಾಗಲೂ ಹೆದರುಪುಕ್ಕಲ" ಎಂದೆ. ಅವನು ಲೋಟ ತೊಳೆದಿಟ್ಟು, "ಸರಿ, ಹೋಗೋಣ" ಎಂದ.

ಅರ್ಧ ದಾರಿಯಲ್ಲಿ ವಾಯವ್ಯದಿಂದ ಗಾಳಿ ಬಂತು. ಹತ್ತು ನಿಮಿಷದೊಳಗೆ ಅಲೆಗಳು ದೋಣಿಯ ಅಂಚು ದಾಟಿ ಒಳಗೆ ಬಂದವು. ಅವನು ಬೈಯಲಿಲ್ಲ. "ಎಡಕ್ಕೆ ಹುಟ್ಟು ಹಾಕು, ಹಾಕ್ತಾ ಇರು" ಎಂದಷ್ಟೇ ಹೇಳುತ್ತಿದ್ದ. ಆಮೇಲೆ ಇಬ್ಬರೂ ನೀರಿನಲ್ಲಿದ್ದೆವು. ಅವನು ನನ್ನನ್ನು ಮಗುಚಿದ ದೋಣಿಯ ಮೇಲಕ್ಕೆ ನೂಕಿದ. ತಾನು ಹತ್ತಲು ಎರಡು ಸಲ ನೋಡಿದ, ದೋಣಿ ಮುಳುಗತೊಡಗಿತು, ಬಿಟ್ಟ. ಹಗ್ಗ ಹಿಡಿದುಕೊಂಡು ಪಕ್ಕದಲ್ಲಿ ತೇಲುತ್ತಿದ್ದ. ನಾನು ಅವನ ತೋಳು ಹಿಡಿದಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಒಮ್ಮೆ ನೋಡಿದಾಗ ಅವನು ನನ್ನಿಂದ ದೂರ ಇದ್ದ. ನನ್ನ ಕೈ ಬಿಟ್ಟಿತೋ, ಅವನೇ ಬಿಟ್ಟನೋ, ಇವತ್ತಿಗೂ ತಿಳಿಯದು. ಗಾಳಿ ದೋಣಿಯನ್ನು ಒಂದು ಮರಳದಿಬ್ಬಕ್ಕೆ ತಳ್ಳಿತು. ಜಾಕೆಟಿನಲ್ಲಿದ್ದ, ಅಪಾಯದ ಸುದ್ದಿ ಕಳಿಸುವ ಪುಟ್ಟ ಯಂತ್ರದ ಗುಂಡಿ ಒತ್ತಿದೆ. ಒಂಬತ್ತು ಗಂಟೆ ಕಳೆದ ಮೇಲೆ ಹೆಲಿಕಾಪ್ಟರ್ ಬಂತು. ಅವನು ಸಿಕ್ಕಿದ್ದು ಎರಡು ದಿನದ ನಂತರ.

ಪೊಲೀಸರಿಗೆ, ಇಬ್ಬರೂ ಸೇರಿ ತೀರ್ಮಾನಿಸಿದೆವು ಎಂದೆ. ನಿಮಗೆ ಏನೂ ಹೇಳಲಿಲ್ಲ. ದಹನದ ದಿನ ನೀವು "ನೀನೊಬ್ಬಳೇ ಬಂದೆಯಲ್ಲ" ಎಂದಿರಿ. ಅದು ಸರಿಯಾದ ಮಾತೇ. ಆ ಮಾತಿಗೆ ನನಗೆ ನಿಮ್ಮ ಮೇಲೆ ಕೋಪವಿಲ್ಲ.

ಇಷ್ಟೇ ಅತ್ತೆ. ಇನ್ನು ನೀವು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಸಿರಿಶಾ


ಕೆಂಟನ್
2 ಮಾರ್ಚ್ 2025

ಚಿ. ಸಿರಿಶಾಗೆ ಉದಯಶಂಕರ್ ಮಾಡುವ ಆಶೀರ್ವಾದಗಳು.

ಹಿಂಗ ಬರೀತೀನಿ ಅಂತ ನಿಮ್ಮ ಅತ್ತಿಯವರಿಗೆ ಗೊತ್ತಿಲ್ಲ. ಆರು ವಾರ ಆತು, ನಿನಗ ಉತ್ತರ ಹೋಗಿಲ್ಲ. ನೀ ಏನೇನೋ ಅಂದುಕೊಂಡು ಕೂತಿರತಿ ಅಂತ ಈ ನಾಕು ಸಾಲು.

ನಿನ್ನ ಕಾಗದ ಅಕಿ ಒಬ್ಬಾಕಿನ ಓದಿದ್ಲು. ಓದಿ ನನ್ನ ಕೈಗೆ ಕೊಟ್ಟು ಹಿತ್ತಲಕ್ಕ ಹೋಗಿ, ಥಂಡ್ಯಾಗ ಒಂದು ತಾಸು ಗುಲಾಬಿ ಗಿಡ ಕತ್ತರಿಸಿಕೋತ ನಿಂತ್ಲು. ಎರಡು ವಾರ ನನ್ನ ಕೂಡನೂ ಸರಿಯಾಗಿ ಮಾತಾಡಲಿಲ್ಲ. ಆಮ್ಯಾಲೆ ಲೈಬ್ರರಿಯಿಂದ ಪುಸ್ತಕ ತಂದ್ಲು, ಥಂಡಿ ನೀರಾಗ ಮನಷ್ಯಾನ ಮೈಗೆ ಏನಾಗತದ ಅನ್ನೂದು. ಅಕಿಗೆ ಅದೆಲ್ಲಾ ಗೊತ್ತಿದ್ದದ್ದಽ. ಆದ್ರೂ ಓದಿದ್ಲು.

ನಾ ಒಂದಽ ಮಾತು ಹೇಳ್ತೀನಿ. ನೀ ಬರದದ್ದು ಛಲೋ ಆತು. ಒಂದೂವರಿ ವರ್ಷ ನಮ್ಮ ಮನಿಯೊಳಗ ಏನೋ ಒಂದು ಸಂದಿ ಮುಚ್ಚಿಕೊಂಡಿತ್ತು, ಗಾಳಿ ಆಡತಿದ್ದಿಲ್ಲ. ಈಗ ಗಾಳಿ ಬರಲಿಕ್ಹತ್ತೇದ, ಥಂಡಿ ಗಾಳಿ ಖರೆ, ಆದ್ರೂ ಗಾಳಿ.

ಹೊತ್ತಿಗೆ ಸರಿಯಾಗಿ ಊಟ ಮಾಡವ್ವ.

ಉದಯಶಂಕರ್


ಕೆಂಟನ್
6 ಏಪ್ರಿಲ್ 2025

ಸಿರಿಶಾ,

ಕಳೆದ ಭಾನುವಾರ ಯುಗಾದಿ. ಬೇವಿನೆಲೆ ಸಿಗಲಿಲ್ಲವೆಂದು ನಿನ್ನ ಮಾವ ಬರೀ ಬೆಲ್ಲ ತಿಂದರು. ನಾನೂ ಸ್ವಲ್ಪ ತಿಂದೆ.

ನಿನ್ನ ಮೇಲೆ ಸಿಟ್ಟು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವನನ್ನು ಹೆದರುಪುಕ್ಕಲ ಎಂದೆ ಎಂಬ ಸಾಲು ಓದಿ, ಎರಡು ವಾರ ನಿನ್ನ ಮುಖ ನೆನಪಾದರೆ ಮೈ ಉರಿಯುತ್ತಿತ್ತು. ಆಮೇಲೆ ಒಂದು ದಿನ ಹ್ಯಾರೋದಲ್ಲಿ ಈಜುಕೊಳದ ಮುಂದೆ ಹೋಗುತ್ತಿದ್ದಾಗ ನೆನಪಾಯಿತು. ಏಳು ವರ್ಷದವನಿದ್ದಾಗ ಅವನು ನೀರಿಗಿಳಿಯಲು ಒಪ್ಪದೆ ಅಂಚಿನಲ್ಲಿ ಕೂತುಬಿಟ್ಟಿದ್ದ. ನಾನು ಎಲ್ಲ ತಾಯಂದಿರ ಮುಂದೆ ಅವನಿಗೆ ಅದೇ ಮಾತು ಹೇಳಿದ್ದೆ. ಆಗಲೂ ಅವನು ಸರಿ ಎಂದು ಎದ್ದು ಇಳಿದ.

ಈಗ ನಾನು ವೈದ್ಯೆಯಾಗಿ ಒಂದು ವಿಷಯ ಹೇಳುತ್ತೇನೆ, ಗಮನವಿಟ್ಟು ಓದು. ಆ ನೀರು ಐದಾರು ಡಿಗ್ರಿಗಿಂತ ಹೆಚ್ಚಿರಲಾರದು. ಅಂಥ ನೀರಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಮನಸ್ಸು ಹಿಡಿದುಕೋ ಎನ್ನುತ್ತದೆ, ಕೈ ಹಿಡಿಯುವುದಿಲ್ಲ. ನಿನ್ನ ಮೈ ದೋಣಿಯ ಮೇಲಿತ್ತು, ನಿನ್ನ ಕೈ ಮಾತ್ರ ನೀರಿನಲ್ಲಿತ್ತು. ಅವನು ಪೂರ್ತಿ ನೀರಿನಲ್ಲಿದ್ದ. ನೀನೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ಕೈಗಳಿಗೆ ಆಗಲಿಲ್ಲ, ಅಷ್ಟೆ. ಬೇರೆ ಯಾವ ಮಾತನ್ನು ನಂಬದಿದ್ದರೂ ಇದನ್ನು ನಂಬು. ಇದು ಸಮಾಧಾನಕ್ಕೆ ಹೇಳಿದ್ದಲ್ಲ.

ಇನ್ನೊಂದು ವಿಷಯ. ನಿನ್ನ ಪತ್ರದಲ್ಲಿ ಒಂದು ಫೋನ್ ಕಾಲ್ ಇಲ್ಲ. ಜುಲೈ ಇಪ್ಪತ್ತಮೂರು, ಭಾನುವಾರ, ನೀವು ಬೆವರ್ಲಿಯ ದಂಡೆಯಲ್ಲಿ ಗಾಳಿಗೆ ಸಿಕ್ಕಿ ಕೂತಿದ್ದಾಗ ಅವನು ಸ್ಯಾಟಲೈಟ್ ಫೋನಿನಲ್ಲಿ ಮಾತಾಡಿದ. ಆಗಸ್ಟ್ ಐದಕ್ಕೆ ಆಸ್ಪತ್ರೆಯಲ್ಲಿ ನನ್ನ ಬೀಳ್ಕೊಡುಗೆ ಇತ್ತು. ತಡವಾಗಬಹುದು ಎಂದ. "ನೀನು ಬರದಿದ್ರೆ ನಾನೂ ಆ ಫಂಕ್ಷನ್ನಿಗೆ ಹೋಗಲ್ಲ, ಮೂವತ್ತನಾಲ್ಕು ವರ್ಷಕ್ಕೆ ಒಂದು ದಿನ ಕೇಳ್ತಿದೀನಿ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ನೀನು ಪಕ್ಕದಲ್ಲಿದ್ದೆ, ನಿನಗೆ ಕೇಳಿಸಿತ್ತು. "ಸರಿ ಅತ್ತೆ, ಕರ್ಕೊಂಡು ಬರ್ತೀನಿ" ಎಂದು ಕೂಗಿದವಳು ನೀನೇ.

ಮೂರು ದಿನ ತಡವಾಗಿತ್ತು ಎಂದು ಮಾತ್ರ ಬರೆದೆ. ಯಾವುದಕ್ಕೆ ತಡ ಎಂದು ಬರೆಯಲಿಲ್ಲ. ಪೊಲೀಸರ ವರದಿಯಲ್ಲೂ ಅದಿಲ್ಲ. ಇಷ್ಟು ದಿನ ನನ್ನನ್ನು ಹೊರಗಿಟ್ಟು ಎಲ್ಲವನ್ನೂ ನೀನೊಬ್ಬಳೇ ಇಟ್ಟುಕೊಂಡಿದ್ದೀಯ. ದಹನದ ದಿನ ನಾನು ಆ ಮಾತಾಡಿದಾಗಲೂ ಬಾಯಿ ಬಿಡಲಿಲ್ಲ. ನೀನು ಹೇಳುತ್ತೀಯೇನೋ ಎಂದು ಪ್ರತಿ ಪತ್ರ ತೆರೆಯುವಾಗಲೂ ನನಗೆ ಭಯವಿತ್ತು. ಆ ಭಯದಿಂದಲೇ ನಿನ್ನನ್ನು ದೂರ ಇಟ್ಟೆ ಎಂದು ಈಗ ಅನ್ನಿಸುತ್ತದೆ.

ಯಾರ ಪಾಲು ಎಷ್ಟು ಎಂದು ತೂಗಲು ನನ್ನಿಂದಾಗದು. ನಿನ್ನಿಂದಲೂ ಆಗದಿರಲಿ.

ನೀನು ಅಬರ್ಡೀನ್ ಸರೋವರದಲ್ಲಿ ನಿಲ್ಲಿಸಿದ್ದೀಯ. ನದಿ ಅಲ್ಲಿ ನಿಲ್ಲುವುದಿಲ್ಲವಲ್ಲ, ಆಮೇಲೆ ಎಲ್ಲಿಗೆ ಹೋಗುತ್ತದೆ?

ವತ್ಸಲಾ


ಅಕ್ಸ್‌ಬ್ರಿಡ್ಜ್
20 ಏಪ್ರಿಲ್ 2025

ಅತ್ತೆ,

ನಿಮ್ಮ ಪತ್ರ ಬಂದ ದಿನ ಕೆಲಸಕ್ಕೆ ರಜೆ ಹಾಕಿದೆ. ಕಾಲುವೆಯ ಪಕ್ಕದ ದಾರಿಯಲ್ಲಿ ಬಹಳ ದೂರ ನಡೆದೆ. ಕೈಗಳ ಬಗ್ಗೆ ನೀವು ಬರೆದದ್ದನ್ನು ಅಲ್ಲೊಂದು ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಓದಿದೆ. ನಂಬುತ್ತೇನೆ.

ಫೋನಿನ ವಿಷಯ ನಾನು ಬರೆಯದಿದ್ದದ್ದು ನಿಮ್ಮನ್ನು ಉಳಿಸಲು ಮಾತ್ರವಲ್ಲ. ಅವನಿಗೂ ನಿಮಗೂ ನಡೆದ ಕೊನೆಯ ಮಾತು ಅದು. ಅದನ್ನು ನಾನು ಮುಟ್ಟಬಾರದು ಅನ್ನಿಸಿತ್ತು. ಫೋನ್ ಇಟ್ಟ ಮೇಲೆ ಅವನು ನಗುತ್ತಿದ್ದ. "ಅಮ್ಮ ಫುಲ್ ಬ್ಲ್ಯಾಕ್‌ಮೇಲ್" ಎಂದ. ಸಂತೋಷವಾಗಿದ್ದ ಅತ್ತೆ.

ಅಬರ್ಡೀನ್ ಆದ ಮೇಲಿನ ನದಿ ನನಗೆ ಗೊತ್ತಿಲ್ಲ. ಹೆಲಿಕಾಪ್ಟರಿನಲ್ಲಿ ನನ್ನನ್ನು ಮಲಗಿಸಿದ್ದರು, ಏನೂ ನೋಡಲಿಲ್ಲ. ಶುಲ್ಟ್ಸ್ ಸರೋವರ, ಆಮೇಲೆ ನೂರು ಕಿಲೋಮೀಟರಿನಷ್ಟು ಮತ್ತೆ ನದಿ, ಕೊನೆಗೆ ಬೇಕರ್ ಲೇಕ್. ಇದು ನಕ್ಷೆ ನೋಡಿ ಹೇಳುತ್ತಿರುವುದು. ಹೋಗಿ ನೋಡಬೇಕು ಎಂದು ಎರಡು ಸಲ ಟಿಕೆಟ್ ಹುಡುಕಿದೆ. ಆಗಲಿಲ್ಲ. ಆಗುವುದೂ ಇಲ್ಲ ಅನ್ನಿಸುತ್ತದೆ. ಅದನ್ನು ಮಾತ್ರ ನನ್ನಿಂದ ಕೇಳಬೇಡಿ.

ಸಿರಿಶಾ


ಬೇಕರ್ ಲೇಕ್
25 ಜುಲೈ 2025

ಪ್ರೀತಿಯ ಸಿರಿಶಾ,

ಮೇಲಿನ ಊರಿನ ಹೆಸರು ನೋಡು. ಕೇಳಬೇಡಿ ಎಂದೆ, ಕೇಳಲಿಲ್ಲ. ನಾವೇ ಬಂದೆವು. ನಿನಗೆ ಮೊದಲೇ ಹೇಳಿದ್ದರೆ ಬೇಡವೆನ್ನುತ್ತಿದ್ದೆ, ಇಲ್ಲವೇ ಮನಸ್ಸಿಲ್ಲದೆ ಹೊರಡುತ್ತಿದ್ದೆ. ಎರಡೂ ಬೇಡವಾಗಿತ್ತು.

ವಿನಿಪೆಗ್‌ನಿಂದ ಎರಡು ವಿಮಾನ ಬದಲಿಸಿ ಇಲ್ಲಿಗೆ ಬಂದೆವು. ಎರಡು ಸಾವಿರ ಜನರ ಊರು, ಜಲ್ಲಿಕಲ್ಲಿನ ರಸ್ತೆಗಳು, ಬಣ್ಣಬಣ್ಣದ ಮರದ ಮನೆಗಳು. ನಿನ್ನ ಮಾವ ತಲೆಗೆ ಸೊಳ್ಳೆಬಲೆಯ ಟೋಪಿ ಹಾಕಿಕೊಂಡು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಇಲ್ಲಿನ ಅಜ್ಜಂದಿರು ಅವರ ಪಕ್ಕದಲ್ಲಿ ಬಂದು ಕೂರುತ್ತಾರೆ. ಯಾವ ಭಾಷೆಯಲ್ಲಿ ಏನು ಮಾತಾಡುತ್ತಾರೋ ಕಾಣೆ.

ನೀನು ನಿಲ್ಲಿಸಿದ ಕಡೆಯಿಂದ ನಾನು ಹೇಳುತ್ತೇನೆ. ಅಬರ್ಡೀನ್‌ಗೆ ನಾವು ಹೋಗಲಿಲ್ಲ. ಹೋಗಬೇಕೆನ್ನಿಸಲಿಲ್ಲ. ನಿನ್ನೆ ಇಲ್ಲಿನ ಒಬ್ಬ ಹೆಂಗಸು ತನ್ನ ಮೋಟಾರು ದೋಣಿಯಲ್ಲಿ ನನ್ನನ್ನು ನದಿಯ ಮೇಲ್ಮುಖವಾಗಿ ಕರೆದುಕೊಂಡು ಹೋದಳು. ಮಾವನವರು ದಂಡೆಯಲ್ಲೇ ಉಳಿದರು. ನನಗೆ ಹೆದರಿಕೆಯಿರಲಿಲ್ಲ ಎನ್ನಲಾರೆ. ದಂಡೆ ಬಿಡಬೇಡ ಎಂದೆ. ಆಕೆ ಯಾಕೆಂದು ಕೇಳದೆ ಉದ್ದಕ್ಕೂ ದಂಡೆ ಹಿಡಿದೇ ನಡೆಸಿದಳು.

ಶುಲ್ಟ್ಸ್ ಸರೋವರ ದಾಟಿದ ಮೇಲೆ ಅದು ಮತ್ತೆ ನದಿಯಾಗುತ್ತದೆ. ನಾನು ಕಣ್ಣಾರೆ ನೋಡಿದ್ದು ಅದರ ಕೆಳಗಿನ ಭಾಗ. ಎತ್ತರದ ದಡಗಳ ನಡುವೆ ಸರಸರನೆ ಬರುತ್ತದೆ. ಎರಡು ಗಂಟೆ ಹೋದ ಮೇಲೆ ಕೊನೆಯ ರಭಸದ ಜಾಗ ಸಿಕ್ಕಿತು, ಅಲ್ಲಿ ನೀರು ಬಂಡೆಗಳ ಮೇಲೆ ಬೆಳ್ಳಗೆ ಒಡೆಯುತ್ತದೆ. ಆಕೆ ದೋಣಿ ನಿಲ್ಲಿಸಿ ಚಹಾ ಕೊಟ್ಟಳು. ಇಲ್ಲಿ ಮರಗಳೇ ಇಲ್ಲ. ನೀನು ಹೇಳಿದ ಕಾಡು ಎಲ್ಲೋ ಹಿಂದೆ ಉಳಿದಿರಬೇಕು. ಕಲ್ಲುಗಳ ಮಧ್ಯೆ ಒಂದು ಬಗೆಯ ಬಿಳಿ ಹತ್ತಿಯಂಥ ಹುಲ್ಲು, ಗಾಳಿಗೆ ಎಲ್ಲವೂ ಒಂದೇ ಕಡೆ ಬಾಗಿತ್ತು.

ಕೈ ನೀರಿಗೆ ಹಾಕಿದೆ. ಗಡಿಯಾರ ನೋಡಿಕೊಂಡು ಹಾಗೇ ಇಟ್ಟೆ. ಮೂರು ನಿಮಿಷಕ್ಕೆ ಬೆರಳು ಮಡಿಸಲು ಕಷ್ಟವಾಯಿತು. ಹತ್ತಿರ ಕೂತಿದ್ದ ಆಕೆ ನನ್ನ ಕೈ ಎತ್ತಿ ಒರೆಸಿ ತನ್ನ ಕೋಟಿನ ತೋಳಿನೊಳಗೆ ಇಟ್ಟುಕೊಂಡಳು.

ಆಮೇಲೆ ನದಿ ಅಗಲವಾಗಿ, ಮರಳಿನ ನಡುಗಡ್ಡೆಗಳ ಸುತ್ತ ಸೀಳಿಕೊಂಡು ಈ ಊರಿನ ಸರೋವರ ಸೇರುತ್ತದೆ. ಅಲ್ಲಿಂದ ಉದ್ದನೆಯ ಹಿನ್ನೀರಿನಂಥ ದಾರಿಯಲ್ಲಿ ಮುನ್ನೂರು ಕಿಲೋಮೀಟರ್ ಹೋಗಿ ಹಡ್ಸನ್ ಕೊಲ್ಲಿ. ನೀರು ಯಾವ ಜಾಗದಲ್ಲಿ ಉಪ್ಪಾಗುತ್ತದೆ ಎಂದು ಕೇಳಿದೆ. "ನಿಧಾನಕ್ಕೆ ಆಗುತ್ತದೆ, ಇಂಥಲ್ಲೇ ಅಂತ ಗೆರೆಯಿಲ್ಲ" ಎಂದಳು.

ದೋಣಿ ಹತ್ತುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಸ್ವಂತದವರ ಎರಡು ಹೆಸರು ಕೊಡಿ ಎಂದರು. ಒಂದು ನಿನ್ನ ಮಾವನದು. ಎರಡನೆಯದಕ್ಕೆ ನಿನ್ನ ಹೆಸರು, ಅಕ್ಸ್‌ಬ್ರಿಡ್ಜ್ ವಿಳಾಸ ಬರೆದೆ. ಸಂಬಂಧವೇನು ಎಂಬ ಜಾಗದಲ್ಲಿ ಸ್ವಲ್ಪ ತಡೆದೆ. ಮಗಳು ಎಂದು ಬರೆಯಬಹುದಿತ್ತು, ಜನ ಹಾಗೆ ಹೇಳುತ್ತಾರೆ. ಅದು ನಿಜವಲ್ಲ. ಸೊಸೆ ಎಂದೇ ಬರೆದೆ. ನಿನ್ನನ್ನು ಕೇಳದೆ ಬರೆದೆ, ಬೇಡವಿದ್ದರೆ ಹೇಳು.

ಇಲ್ಲಿಂದ ಲಂಡನ್ನಿಗೆ ಪತ್ರ ಮುಟ್ಟಲು ಮೂರು ವಾರವಾದರೂ ಆಗಬಹುದಂತೆ. ಅಷ್ಟರೊಳಗೆ ನಾವೇ ಬಂದಿರುತ್ತೇವೆ. ಆದ್ದರಿಂದ ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ನಿನ್ನ ಮನೆಯ ಬೆಲ್ ಒತ್ತುತ್ತೇನೆ. ಬಾಗಿಲು ತೆರೆದಾಗ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ.

ನಿನ್ನ ಅತ್ತೆ,
ವತ್ಸಲಾ